ಆಕಾಶದಲ್ಲಿ ಬೆಳಕು, ಮೊಬೈಲಲ್ಲಿ ಅಂತೆ-ಕಂತೆ: ಮಕ್ಕಳಿಗೆ ಬೇಕಿರೋ ಇಂಗ್ಲಿಷ್ ಯಾವುದು?

ಅರಸೀಕೆರೆ: 2025ರ ಜುಲೈನಿಂದ ಡಿಸೆಂಬರ್‌ವರೆಗೆ ಟಿವಿ, ಯೂಟ್ಯೂಬ್, ವಾಟ್ಸಾಪ್ ಮೂರರಲ್ಲೂ ಒಂದು ಹೆಸರು ಓಡಾಡಿತು: 3ಐ/ಅಟ್ಲಾಸ್. ಏಲಿಯನ್ ನೌಕೆ ಭೂಮಿ ಕಡೆ ಬರ್ತಿದೆ ಅಂತ ಕೆಲವರು ಅಂದರು. ವಿಜ್ಞಾನಿಗಳೇ ಬೆಚ್ಚಿಬಿದ್ದಿದ್ದಾರೆ ಅಂತ ಇನ್ನು ಕೆಲವರು. ಕೊನೆಗೆ ಆಗಿದ್ದೇನು? ಡಿಸೆಂಬರ್ 19ರಂದು ಅದು ಭೂಮಿಗೆ ಅತಿ ಹತ್ತಿರ ಬಂತು. ಆ ‘ಹತ್ತಿರ’ ಅಂದರೆ ಸುಮಾರು 27 ಕೋಟಿ ಕಿಲೋಮೀಟರ್. ಸೂರ್ಯನೇ ಭೂಮಿಯಿಂದ 15 ಕೋಟಿ ಕಿ.ಮೀ. ದೂರದಲ್ಲಿದ್ದಾನೆ, ಇದು ಅದಕ್ಕಿಂತಲೂ ಆಚೆ. ಬಂದದ್ದು ಒಂದು ಧೂಮಕೇತು. ತನ್ನ ದಾರಿ ಹಿಡಿದು ಹೋಗ್ತಾ ಇದೆ. ಯಾರ ತೆಂಗಿನ ತೋಟಕ್ಕೂ ಏನೂ ಆಗಲಿಲ್ಲ.

ಹಾಗಾದರೆ ಗಾಬರಿ ಹುಟ್ಟಿದ್ದು ಎಲ್ಲಿ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಅವಿ ಲೋಬ್, ಇದು ಬೇರೆ ಕಡೆಯ ಬುದ್ಧಿವಂತ ಜೀವಿಗಳು ಮಾಡಿದ ವಸ್ತು ಆಗಿರಬಹುದಾ ಅಂತ ಒಂದು ಸಾಧ್ಯತೆ ಮುಂದಿಟ್ಟರು. ನಾಸಾ ಸೇರಿದಂತೆ ಉಳಿದವರು ಇದು ಧೂಮಕೇತುವೇ ಅಂದರು. ಇಂಗ್ಲಿಷ್ ಸುದ್ದಿಯಲ್ಲಿ ‘ಕುಡ್’, ‘ಮೈಟ್’ ಅನ್ನೋ ಪದಗಳಿದ್ದವು. ಅದು ಕನ್ನಡದ ವಿಡಿಯೋ ಆಗಿ, ಆಮೇಲೆ ಫಾರ್ವರ್ಡ್ ಆಗಿ ಬರುವಷ್ಟರಲ್ಲಿ ‘ಆಗಿರಬಹುದಾ’ ಹೋಗಿ ‘ಆಗಿದೆ’ ಉಳಿಯಿತು.

ಇಷ್ಟಕ್ಕೂ ಇದು ಖಗೋಳಶಾಸ್ತ್ರ ಗೊತ್ತಿಲ್ಲದ್ದರಿಂದ ಬಂದ ತೊಂದರೆ ಅನ್ನೋದಕ್ಕಿಂತ, ಇಂಗ್ಲಿಷ್ ಅರ್ಧ ಗೊತ್ತಿರೋದರಿಂದ ಬಂದ ತೊಂದರೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಶಾಲೆಗಳಲ್ಲಿ, ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳಲ್ಲಿ ಮಕ್ಕಳಿಗೆ ಯಾವ ಪದ ಕಲಿಸಬೇಕು, ಹೇಗೆ ಕಲಿಸಬೇಕು ಅನ್ನೋ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತೆ.

ಪಟ್ಟಿ ಬಾಯಿಪಾಠ, ಪದ ಮಾಯ

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅಂದು ಸೇರಿದ ಮಕ್ಕಳು ಇವತ್ತು ಅಂಗಡಿ ನಡೆಸೋ, ಮದುವೆಯಾಗೋ ವಯಸ್ಸಿಗೆ ಬಂದಿದ್ದಾರೆ. ಆದರೂ ‘ಓದೋಕೆ ಬರುತ್ತೆ, ಮಾತಾಡೋಕೆ ಬರಲ್ಲ’ ಅನ್ನೋ ದೂರು ಹಾಗೇ ಇದೆ.

ಕಾರಣ ಗೊತ್ತಿರೋದೇ. ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ ಕಲಿಸಲಾಗುತ್ತೆ. ಎಡಗಡೆ ಪದ, ಬಲಗಡೆ ಅರ್ಥ, ನಾಳೆ ಡಿಕ್ಟೇಶನ್. ಸ್ಯಾಟಲೈಟ್ ಅಂದರೆ ಉಪಗ್ರಹ, ಆರ್ಬಿಟ್ ಅಂದರೆ ಕಕ್ಷೆ, ಕಾಮೆಟ್ ಅಂದರೆ ಧೂಮಕೇತು. ಪರೀಕ್ಷೆ ಮುಗಿದ ಮರುದಿನ ಮೂರೂ ಮರೆತುಹೋಗುತ್ತೆ. ಯಾಕೆಂದರೆ ಆ ಪದ ಹಾಕಿ ಮಗು ಒಂದು ವಾಕ್ಯನೂ ಹೇಳಿರಲ್ಲ.

ಬಾಹ್ಯಾಕಾಶ ಮತ್ತು ‘ಯುಎಫ್‌ಒ ಕಂಡದ್ದು’ ಅನ್ನೋ ವಿಷಯ ಬೇರೆ ದೇಶಗಳ ಇಂಗ್ಲಿಷ್ ಕಲಿಕೆ ಪುಸ್ತಕಗಳಲ್ಲಿ ಹಳೇ ಪಾಠ. ಆಕಾಶದಲ್ಲಿ ಏನೋ ಕಂಡೆ ಅನ್ನೋ ಕಥೆಯನ್ನು ಯಾವ ಮಗು ಬೇಕಾದರೂ ಹೇಳುತ್ತೆ. ಹೇಳಬೇಕಾದರೆ ಭೂತಕಾಲ ಬೇಕು, ಬಣ್ಣ ಬೇಕು, ಆಕಾರ ಬೇಕು, ಅದು ನಿಂತಿತ್ತೋ ಓಡಿತೋ ಅನ್ನೋ ಕ್ರಿಯಾಪದ ಬೇಕು. ಮಾತು ತಾನಾಗೇ ಬರುತ್ತೆ. ಈ ಪಾಠ ಬೇರೆ ಎಲ್ಲಿಗೂ ಹೊಂದದಷ್ಟು ಚೆನ್ನಾಗಿ ಹಾಸನ ಜಿಲ್ಲೆಗೆ ಹೊಂದುತ್ತೆ.

ಉಪಗ್ರಹ ಇರೋ ಊರಲ್ಲಿ ಉಪಗ್ರಹದ ಪಾಠ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಜನ ಕರೆಯೋದು ಎಂಸಿಎಫ್ ಅಂತ. 1982ರಲ್ಲಿ, ಇನ್ಸಾಟ್-1ಎ ಉಪಗ್ರಹದ ಕಾಲದಲ್ಲಿ ಶುರುವಾದದ್ದು. ದೇಶದ ಇನ್ಸಾಟ್, ಜಿಸ್ಯಾಟ್ ಮಾದರಿಯ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ ನೋಡಿಕೊಳ್ಳೋ ಕೆಲಸ ಇಲ್ಲಿಂದ ನಡೆಯುತ್ತೆ. 2005ರಿಂದ ಭೋಪಾಲದಲ್ಲೂ ಇಂಥದ್ದೇ ಇನ್ನೊಂದು ಕೇಂದ್ರ ಇದೆ.

ಈ ಉಪಗ್ರಹಗಳು ಇರೋದು ಸಮಭಾಜಕ ವೃತ್ತದ ನೇರಕ್ಕೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಭೂಮಿ ಒಂದು ಸುತ್ತು ತಿರುಗೋ ಹೊತ್ತಿಗೆ ಇವೂ ಒಂದು ಸುತ್ತು ಮುಗಿಸುತ್ತವೆ. ಹಾಗಾಗಿ ಕೆಳಗಿನಿಂದ ನೋಡಿದರೆ ನಿಂತ ಹಾಗೆ ಲೆಕ್ಕ. ಮನೆ ಮೇಲಿನ ಡಿಶ್ ಒಂದು ಸಲ ಒಂದು ದಿಕ್ಕಿಗೆ ಕೂರಿಸಿದರೆ ವರ್ಷಗಟ್ಟಲೆ ತಿರುಗಿಸಬೇಕಾಗಿಲ್ಲ ಅನ್ನೋದು ಇದಕ್ಕೇ. ಡಿಶ್ ಕೂರಿಸೋಕೆ ಬರೋ ಹುಡುಗನಿಗೆ ಈ ಪಾಠ ಕೈಯಲ್ಲೇ ಗೊತ್ತು. ಶಾಲೆಯ ಮಗುವಿಗೆ ‘ಆರ್ಬಿಟ್’ ಅನ್ನೋದು ಹಲಗೆ ಮೇಲಿನ ಒಂದು ವೃತ್ತ ಅಷ್ಟೇ.

ಅರಸೀಕೆರೆಯ ಮಟ್ಟಿಗೆ ಇನ್ನೂ ಹತ್ತಿರದ ದಾರಿ ಇದೆ. ಅದು ರೈಲ್ವೆ ಜಂಕ್ಷನ್. ಬೆಂಗಳೂರು, ಹುಬ್ಬಳ್ಳಿ, ಹಾಸನ-ಮೈಸೂರು ಮೂರೂ ದಿಕ್ಕಿನ ಗಾಡಿ ಬಂದು ಸೇರೋ ಊರು. ಸ್ಟೇಷನ್, ಸಿಗ್ನಲ್, ಟ್ರ್ಯಾಕ್, ಕಂಟ್ರೋಲ್ ಈ ಪದಗಳಿಗೆ ಇಲ್ಲಿ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಬಾಹ್ಯಾಕಾಶದ ಇಂಗ್ಲಿಷ್‌ನಲ್ಲಿ ಅರ್ಧ ಇವೇ ಪದಗಳು. ಸ್ಪೇಸ್ ಸ್ಟೇಷನ್ ಅಂದರೆ ಸುಮಾರು 400 ಕಿ.ಮೀ. ಮೇಲೆ ಇರೋ ಸ್ಟೇಷನ್, ವ್ಯತ್ಯಾಸ ಏನೆಂದರೆ ಸ್ಟೇಷನ್ನೇ ಓಡ್ತಾ ಇರುತ್ತೆ. ಸುಮಾರು 90 ನಿಮಿಷಕ್ಕೆ ಭೂಮಿಗೆ ಒಂದು ಸುತ್ತು. ‘ಡಾಕಿಂಗ್’ ಅಂದರೆ ಓಡೋ ಎರಡು ನೌಕೆ ಬಂದು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳೋದು, ಬೋಗಿಗೆ ಎಂಜಿನ್ ಜೋಡಿಸಿದ ಹಾಗೆ. ಇಸ್ರೋ 2024ರ ಡಿಸೆಂಬರ್ 30ರಂದು ಹಾರಿಸಿದ ಸ್ಪೇಡೆಕ್ಸ್ ಜೋಡಿ ಉಪಗ್ರಹಗಳನ್ನು 2025ರ ಜನವರಿ 16ರಂದು ಹೀಗೇ ಸೇರಿಸಿತು. ಅದೇ ವರ್ಷ ಜೂನ್ 26ರಂದು ಶುಭಾಂಶು ಶುಕ್ಲಾ ಇದ್ದ ನೌಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಡಾಕ್ ಆಯಿತು. ಆ ನಿಲ್ದಾಣದ ಒಳಗೆ ಕಾಲಿಟ್ಟ ಮೊದಲ ಭಾರತೀಯ ಅವರು.

‘ಇಂಟರ್‌ಸ್ಟೆಲರ್’ ಅನ್ನೋ ದೊಡ್ಡ ಪದ ಇದೆ. 3ಐ/ಅಟ್ಲಾಸ್‌ನಲ್ಲಿರೋ ‘ಐ’ ಅದೇ. ‘ಇಂಟರ್’ ಅಂದರೆ ನಡುವೆ. ಇಂಟರ್‌ವೆಲ್, ಇಂಟರ್‌ನ್ಯಾಷನಲ್ ಎಲ್ಲರಿಗೂ ಗೊತ್ತು. ‘ಸ್ಟೆಲರ್’ ಅಂದರೆ ನಕ್ಷತ್ರಕ್ಕೆ ಸೇರಿದ್ದು. ಒಟ್ಟಿಗೆ ಹಾಕಿದರೆ ನಕ್ಷತ್ರಗಳ ನಡುವಿನಿಂದ ಬಂದದ್ದು. ‘3’ ಅಂದರೆ ಹೀಗೆ ಗುರುತಾದ ಮೂರನೆಯದು. ಮೊದಲಿನೆರಡು 2017ರಲ್ಲಿ ಮತ್ತು 2019ರಲ್ಲಿ ಕಂಡವು. ಅಟ್ಲಾಸ್ ಅನ್ನೋದು ಅದನ್ನು ಕಂಡುಹಿಡಿದ ದೂರದರ್ಶಕ ವ್ಯವಸ್ಥೆಯ ಹೆಸರು. ಹೆಸರನ್ನು ಬಿಡಿಸಿ ಓದೋಕೆ ಬಂದ ಮಗುವಿಗೆ ಅರ್ಧ ಗಾಬರಿ ಅಲ್ಲೇ ಹೋಗುತ್ತೆ.

ಯುಎಫ್‌ಒ ಅಂದರೆ ಏಲಿಯನ್ ಅಲ್ಲ

ಈಗ ಮುಖ್ಯ ಪದಕ್ಕೆ ಬರೋಣ. ಯುಎಫ್‌ಒ ಅಂದರೆ ‘ಅನ್‌ಐಡೆಂಟಿಫೈಡ್ ಫ್ಲೈಯಿಂಗ್ ಆಬ್ಜೆಕ್ಟ್’. ಫ್ಲೈಯಿಂಗ್ ಅಂದರೆ ಹಾರುವ, ಆಬ್ಜೆಕ್ಟ್ ಅಂದರೆ ವಸ್ತು. ಎರಡೂ ಸುಲಭ. ಎಲ್ಲ ಇರೋದು ಮೊದಲ ಪದದಲ್ಲಿ. ಐಡಿ ಕಾರ್ಡ್ ಅಂದಾಗ ಬರೋ ‘ಐಡೆಂಟಿಟಿ’ಯೇ ಇದರ ಬೇರು. ‘ಅನ್’ ಸೇರಿದರೆ ಗುರುತು ಸಿಗದ್ದು.

ಅಂಗಡಿಯವರಿಗೆ ಇದನ್ನು ಒಂದು ಮಾತಲ್ಲಿ ಹೇಳಬಹುದು. ಫೋನಿಗೆ ‘ಅನ್‌ನೋನ್ ನಂಬರ್’ನಿಂದ ಕಾಲ್ ಬರುತ್ತೆ. ಅದು ಬ್ಯಾಂಕಿನವರದ್ದೂ ಇರಬಹುದು, ಕೊರಿಯರ್ ಹುಡುಗನದ್ದೂ ಇರಬಹುದು, ಮೋಸಗಾರನದ್ದೂ ಇರಬಹುದು, ನಂಬರ್ ಬದಲಾಯಿಸಿದ ಭಾವಮೈದುನನದ್ದೂ ಇರಬಹುದು. ಫೋನು ಹೇಳೋದು ‘ಗೊತ್ತಿಲ್ಲ’ ಅಂತ ಮಾತ್ರ. ಯುಎಫ್‌ಒ ಅನ್ನೋ ಪದವೂ ಅಷ್ಟೇ ಹೇಳುತ್ತೆ. ಕನ್ನಡದಲ್ಲಿ ಅದನ್ನು ‘ಹಾರುವ ತಟ್ಟೆ’ ಅಂದ ಕೂಡಲೇ ಗುರುತು ಸಿಗದ ವಸ್ತುವಿಗೆ ಒಂದು ಆಕಾರ ಬಂತು. ‘ಅನ್ಯಗ್ರಹದವರ ವಾಹನ’ ಅಂದ ಕೂಡಲೇ ಒಬ್ಬ ಡ್ರೈವರ್ ಕೂಡ ಬಂದ.

ಹಾರುವ ತಟ್ಟೆ ಅನ್ನೋ ಹೆಸರು ಹುಟ್ಟಿದ್ದೇ ಒಂದು ತಪ್ಪು ಕೇಳಿಸಿಕೊಳ್ಳುವಿಕೆಯಿಂದ. 1947ರ ಜೂನ್ 24ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆನೆತ್ ಅರ್ನಾಲ್ಡ್ ಅನ್ನೋ ಪೈಲಟ್ ತನ್ನ ವಿಮಾನದಿಂದ 9 ವಸ್ತುಗಳನ್ನು ಕಂಡೆ ಅಂದ. ನೀರಿನ ಮೇಲೆ ತಟ್ಟೆ ಎಸೆದರೆ ಕುಪ್ಪಳಿಸಿಕೊಂಡು ಹೋಗುತ್ತಲ್ಲ, ಹಾಗೆ ಹೋದವು ಅಂತ ವಿವರಿಸಿದ. ಕೆರೆಯಲ್ಲಿ ಬಿಲ್ಲೆಗಲ್ಲು ಎಸೆದು ಆಡಿದವರಿಗೆ ಈ ಚಲನೆ ಗೊತ್ತು. ಆತ ಹೇಳಿದ್ದು ಹೋದ ರೀತಿ. ಪತ್ರಿಕೆಯವರು ಅದನ್ನೇ ಆಕಾರ ಮಾಡಿ ‘ಫ್ಲೈಯಿಂಗ್ ಸಾಸರ್’ ಅಂತ ಬರೆದರು. ಅಲ್ಲಿಂದ ಮುಂದೆ ಜನರಿಗೆ ತಟ್ಟೆಗಳೇ ಕಾಣಿಸೋಕೆ ಶುರುವಾದವು.

ಅಮೆರಿಕದ ವಾಯುಪಡೆ 1947ರಿಂದ 1969ರವರೆಗೆ ಇಂಥ 12,618 ವರದಿಗಳನ್ನು ದಾಖಲಿಸಿತು. ಕೊನೆಗೆ ಗುರುತು ಸಿಗದೆ ಉಳಿದವು 701. ಉಳಿದದ್ದಕ್ಕೆಲ್ಲ ನಕ್ಷತ್ರ, ಗ್ರಹ, ಬಲೂನು, ವಿಮಾನ ಅಂತ ಒಂದಲ್ಲ ಒಂದು ಉತ್ತರ ಸಿಕ್ಕಿತು. 701ಕ್ಕೆ ಉತ್ತರ ಸಿಗಲಿಲ್ಲ ಅಂದರೆ 701 ಏಲಿಯನ್ ನೌಕೆ ಬಂದಿದ್ದವು ಅಂತ ಅರ್ಥ ಅಲ್ಲ. ಉತ್ತರ ಸಿಗಲಿಲ್ಲ ಅಂತಲೇ ಅರ್ಥ. 2023ರ ಸೆಪ್ಟೆಂಬರ್ 14ರಂದು ಬಂದ ನಾಸಾ ಸಮಿತಿಯ ವರದಿ ಕೂಡ ಇದನ್ನೇ ಹೇಳಿತು: ಅನ್ಯಗ್ರಹದಿಂದ ಬಂದದ್ದು ಅನ್ನೋಕೆ ಆಧಾರ ಇಲ್ಲ, ಸರಿಯಾದ ಮಾಹಿತಿ ಸಂಗ್ರಹ ಆಗಬೇಕು. ಅಲ್ಲೀಗ ಸರ್ಕಾರಿ ಕಾಗದಗಳಲ್ಲಿ ಯುಎಫ್‌ಒ ಬದಲು ‘ಯುಎಪಿ’ ಅನ್ನೋ ಹೊಸ ಪದ ಬಂದಿದೆ. ಹಳೇ ಪದಕ್ಕೆ ಏಲಿಯನ್ ಅಂಟಿಕೊಂಡು ಬಿಡಿಸಲಾಗದಷ್ಟು ಆಗಿದೆ ಅನ್ನೋದು ಅದಕ್ಕೊಂದು ಕಾರಣ.

ಬೀದರ್‌ನ ಬಲೂನು, ಇಂಫಾಲದ ವಿಮಾನ ನಿಲ್ದಾಣ

ಇದೆಲ್ಲ ಅಮೆರಿಕದ ಮಾತು ಅಂತ ತಳ್ಳಿಹಾಕೋ ಹಾಗಿಲ್ಲ. 2025ರ ಜನವರಿ 18ರಂದು ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಬೆಳ್ಳಂಬೆಳಗ್ಗೆ ಒಂದು ಮನೆ ಮೇಲೆ ಭಾರೀ ಬಲೂನು, ಅದರ ಜೊತೆ ಯಂತ್ರ ಬಂದು ಬಿತ್ತು. ಊರವರು ಹೆದರಿದರು. ಅದು ಹೈದರಾಬಾದ್‌ನಲ್ಲಿರೋ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದ್ದು. ವಾತಾವರಣ ಮತ್ತು ಖಗೋಳ ಅಧ್ಯಯನಕ್ಕೆ ಉಪಕರಣ ಕಟ್ಟಿ ಮೇಲೆ ಬಿಡ್ತಾರೆ, ಕೆಲಸ ಮುಗಿದ ಮೇಲೆ ಅದು ಎಲ್ಲೋ ಒಂದು ಕಡೆ ಇಳಿಯುತ್ತೆ. ಇಂಥ ಪೆಟ್ಟಿಗೆ ಸಿಕ್ಕರೆ ಬಿಚ್ಚಬೇಡಿ, ಹತ್ತಿರದ ಪೊಲೀಸರಿಗೆ ತಿಳಿಸಿ ಅಂತ ಆ ಸಂಸ್ಥೆ ಜನರಿಗೆ ಹೇಳ್ತಾ ಬಂದಿದೆ.

2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಆಕಾಶದಿಂದ ದೊಡ್ಡ ಲೋಹದ ಬಳೆ ಬಿತ್ತು. ಅದು ಹಳೇ ರಾಕೆಟ್ಟಿನ ಅವಶೇಷ. ಅದೇ ವರ್ಷ ಡಿಸೆಂಬರ್ 15ರ ಸಂಜೆ ಕೋಲ್ಕತ್ತದ ಜನ ಆಕಾಶದಲ್ಲಿ ವಿಚಿತ್ರ ಬೆಳಕು ಕಂಡು ಯುಎಫ್‌ಒ ಅಂದರು. ಅದು ಒಡಿಶಾ ತೀರದಿಂದ ಹಾರಿದ ಅಗ್ನಿ-5 ಕ್ಷಿಪಣಿ. 2022ರ ಸೆಪ್ಟೆಂಬರ್‌ನಲ್ಲಿ ಲಖನೌ ಸುತ್ತ ಕಂಡ ಸಾಲು ದೀಪಗಳು ಸ್ಟಾರ್‌ಲಿಂಕ್ ಉಪಗ್ರಹಗಳು. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಮೇಲೆ ಏನೋ ಕಂಡಿತು ಅಂತ ವಿಮಾನಗಳನ್ನು ಕೆಲವು ಗಂಟೆ ನಿಲ್ಲಿಸಲಾಯಿತು, ವಾಯುಪಡೆ ಹುಡುಕಿತು. ಆಮೇಲೆ ಅದು ಕಾಣಿಸಲಿಲ್ಲ. ಇದೊಂದನ್ನು ‘ಅನ್‌ಐಡೆಂಟಿಫೈಡ್’ ಪಟ್ಟಿಯಲ್ಲೇ ಇಡಬೇಕು. ಹಾಗೆ ಇಡೋಕೆ ಬರೋದು ಕೂಡ ಒಂದು ವಿದ್ಯೆ.

ಸ್ಟಾರ್‌ಲಿಂಕ್ ಮಾತು ಇನ್ನು ಮುಂದೆ ಹೆಚ್ಚಾಗುತ್ತೆ. 2019ರ ಮೇ ತಿಂಗಳಲ್ಲಿ ಮೊದಲ 60 ಉಪಗ್ರಹ ಹಾರಿದ ಮೇಲೆ ಸಾವಿರಾರು ಹಾರಿವೆ. ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಹಾರಿಸಿದ ಮೊದಲ ಕೆಲವು ದಿನ, ಸೂರ್ಯ ಮುಳುಗಿದ ಮೇಲೆ ಅಥವಾ ಹುಟ್ಟೋ ಮೊದಲು, ರೈಲು ಬೋಗಿಗಳ ಹಾಗೆ ಸಾಲಾಗಿ ಹೋಗೋದು ಬರಿಗಣ್ಣಿಗೇ ಕಾಣುತ್ತೆ. ಭಾರತದಲ್ಲಿ ಇಂಟರ್‌ನೆಟ್ ಸೇವೆ ಕೊಡೋಕೆ ಆ ಕಂಪನಿಗೆ 2025ರ ಜೂನ್‌ನಲ್ಲಿ ಪರವಾನಗಿಯೂ ಸಿಕ್ಕಿದೆ. ಮಾಲೇಕಲ್ಲು ತಿರುಪತಿ ಬೆಟ್ಟದ ಮೇಲೆ ನಿಂತವರಿಗೆ ಒಂದಲ್ಲ ಒಂದು ಸಂಜೆ ಆ ಸಾಲು ಕಂಡರೆ ಆಶ್ಚರ್ಯ ಇಲ್ಲ.

ಅಂತೆ, ಇರಬಹುದು, ಕಂಡೆ

ಹಾಗಾದರೆ ತರಗತಿಯಲ್ಲಿ ಏನು ಮಾಡಬೇಕು? ಪದಗಳ ಪಟ್ಟಿಯನ್ನು ಉದ್ದ ಮಾಡಿದರೆ ಆಗಲ್ಲ. ಏಲಿಯನ್, ರಾಕೆಟ್, ಗ್ಯಾಲಕ್ಸಿ ಇವನ್ನೆಲ್ಲ ಮಕ್ಕಳು ಕಾರ್ಟೂನ್ ನೋಡಿಯೇ ಕಲಿತುಬಿಡ್ತಾರೆ. ಯಾರೂ ಕಲಿಸದೆ ಬಿಟ್ಟಿರೋದು ಸಂದೇಹದ ಪದಗಳನ್ನು.

ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲ ಇದೆ. ‘ಬಂದ’ ಅಂದರೆ ಒಂದು ಅರ್ಥ, ‘ಬಂದನಂತೆ’ ಅಂದರೆ ಬೇರೆ. ‘ಅಂತೆ’ ಸೇರಿದ ಕೂಡಲೇ ಹೇಳಿದವನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದನ್ನು ಕೇಳಿದ್ದಾನೆ ಅಂತ ಗೊತ್ತಾಗುತ್ತೆ. ಚಿಕ್ಕ ಮಕ್ಕಳೂ ಇದನ್ನು ಬಳಸ್ತಾರೆ. ‘ಬಂದಿರಬಹುದು’ ಅಂದರೆ ಊಹೆ. ಹಳ್ಳಿಯಲ್ಲಿ ‘ಅಂತೆ-ಕಂತೆ ಬಿಡು, ನೀನು ನೋಡಿದ್ಯಾ?’ ಅಂತ ಕೇಳೋದು ಇದಕ್ಕೇ. ವಿಜ್ಞಾನಿಗಳು ಸಾಕ್ಷಿ ಕೇಳೋ ಪ್ರಶ್ನೆಯೂ ಅದೇ.

ಇದನ್ನೇ ಇಂಗ್ಲಿಷಿಗೆ ದಾಟಿಸಬೇಕು. ಹಲಗೆ ಮೇಲೆ ಮೂರು ಕಂಬ ಎಳೆದರೆ ಸಾಕು.

ಮೊದಲ ಕಂಬ ‘ಕಂಡೆ’. ಇಂಗ್ಲಿಷ್‌ನಲ್ಲಿ ‘ಐ ಸಾ’. ಇಲ್ಲಿ ಬಣ್ಣ, ಆಕಾರ, ದಿಕ್ಕು, ಹೊತ್ತು ಮಾತ್ರ ಬರಬೇಕು. ಬ್ರೈಟ್, ರೌಂಡ್, ಸ್ಲೋ, ಫಾಸ್ಟ್, ಹೊಳೆದರೆ ‘ಗ್ಲೋ’, ಮಿಣುಕಿದರೆ ‘ಬ್ಲಿಂಕ್’, ಗಾಳಿಯಲ್ಲಿ ನಿಂತ ಹಾಗಿದ್ದರೆ ‘ಹೋವರ್’, ಮಾಯವಾದರೆ ‘ಡಿಸಪಿಯರ್’.

ಎರಡನೇ ಕಂಬ ‘ಇರಬಹುದು’. ಇಂಗ್ಲಿಷ್‌ನಲ್ಲಿ ‘ಐ ಥಿಂಕ್’, ‘ಇಟ್ ಮೈಟ್ ಬಿ’, ‘ಇಟ್ ಲುಕ್ಡ್ ಲೈಕ್’. ಡ್ರೋನ್ ಇರಬಹುದು, ಉಪಗ್ರಹ ಇರಬಹುದು, ಜಾತ್ರೆಯ ಶಾರ್ಪಿ ಲೈಟ್ ಮೋಡಕ್ಕೆ ಬಿದ್ದದ್ದಿರಬಹುದು.

ಮೂರನೇ ಕಂಬ ‘ಅಂತೆ’. ಇಂಗ್ಲಿಷ್‌ನಲ್ಲಿ ‘ದೇ ಸೇ’, ‘ಪೀಪಲ್ ಕ್ಲೇಮ್’, ‘ರಿಪೋರ್ಟೆಡ್ಲಿ’. ವಾಟ್ಸಾಪ್‌ನಿಂದ ಬಂದದ್ದೆಲ್ಲ ಮೊದಲು ಈ ಕಂಬಕ್ಕೇ ಹೋಗಬೇಕು.

ಮಕ್ಕಳಿಗೆ ಒಂದು ಫಾರ್ವರ್ಡ್ ಕೊಟ್ಟು ಇದರಲ್ಲಿ ಯಾವ ವಾಕ್ಯ ಯಾವ ಕಂಬಕ್ಕೆ ಸೇರುತ್ತೆ ಅಂತ ಕೇಳಿದರೆ ಅರ್ಧ ಗಂಟೆಯ ಪಾಠ ಆಯಿತು. ಪುಸ್ತಕ ಬೇಡ, ಪ್ರೊಜೆಕ್ಟರ್ ಬೇಡ. ಮೊದಲ ಕಂಬ ಖಾಲಿ ಉಳಿದರೆ ಆ ಸುದ್ದಿಯನ್ನು ಏನು ಮಾಡಬೇಕು ಅಂತ ಮಕ್ಕಳೇ ಹೇಳ್ತಾರೆ.

ಸಣ್ಣ ತಮಾಷೆಗೂ ಇಲ್ಲಿ ಜಾಗ ಇದೆ. ‘ಸೈಟಿಂಗ್’ ಅಂದರೆ ಕಣ್ಣಿಗೆ ಬೀಳೋದು. ಕನ್ನಡಕದ ಅಂಗಡಿ ಬೋರ್ಡಿನ ‘ಶಾರ್ಟ್ ಸೈಟ್’, ಕಾಲೇಜು ಹುಡುಗರ ‘ಸೈಟ್ ಹೊಡಿಯೋದು’ ಎರಡೂ ಇದೇ ಸೈಟು. ಬಡಾವಣೆಯಲ್ಲಿ 30/40 ಅಳತೆಗೆ ಸಿಗೋ ಸೈಟು ಬೇರೆ, ಅದರ ಸ್ಪೆಲ್ಲಿಂಗೂ ಬೇರೆ. ಕೇಳೋಕೆ ಒಂದೇ ಥರ ಇರೋ ಈ ಎರಡನ್ನು ಹೀಗೆ ಹೇಳಿಕೊಟ್ಟರೆ ಮಕ್ಕಳು ಜನ್ಮದಲ್ಲಿ ಮರೆಯಲ್ಲ.

ಹಳೇಬೀಡಿನ ಕಂಬ ಮತ್ತು ‘ಮೆಷಿನ್’

ಬೇಲೂರು-ಹಳೇಬೀಡಿನಲ್ಲಿ ಈ ವಿಷಯ ಹೊಟ್ಟೆಪಾಡಿಗೂ ತಾಗುತ್ತೆ. ಹೊಯ್ಸಳೇಶ್ವರ ದೇವಾಲಯದ ನುಣುಪು ಕಂಬಗಳನ್ನು ತೋರಿಸಿ, ಇದು ಕೈಯಲ್ಲಿ ಸಾಧ್ಯವೇ ಇಲ್ಲ, ಯಾವುದೋ ಕಳೆದುಹೋದ ಆಧುನಿಕ ಯಂತ್ರದ ಕೆಲಸ, ಅನ್ಯಗ್ರಹದವರ ಸಹಾಯ ಇತ್ತು ಅನ್ನೋ ಇಂಗ್ಲಿಷ್ ವಿಡಿಯೋಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಹಳೇ ಕಟ್ಟಡಗಳನ್ನೆಲ್ಲ ಅನ್ಯಗ್ರಹದವರ ಲೆಕ್ಕಕ್ಕೆ ಬರೆಯೋ ಈ ಚಾಳಿ 1968ರಲ್ಲಿ ಎರಿಕ್ ಫಾನ್ ಡ್ಯಾನಿಕನ್ ಬರೆದ ಪುಸ್ತಕದಿಂದ ಜೋರಾಯಿತು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ವಿಡಿಯೋ ನೋಡಿಕೊಂಡೇ ಬರೋ ಪ್ರವಾಸಿ ಗೈಡ್ ಮುಂದೆ ಅದೇ ಪ್ರಶ್ನೆ ಇಡೋದು ಸಹಜ.

ಉತ್ತರ ಗೊತ್ತಿರೋದೇ. ಈ ದೇವಾಲಯಗಳ ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಅದಕ್ಕೇ ಚಿನ್ನದ ಕೆಲಸದಷ್ಟು ನಯ ಬಂತು. ದುಂಡು ಕಂಬಗಳನ್ನು ತಿರುಗಿಸುತ್ತಾ ಕಡೆದು ನಯ ಮಾಡಿದ್ದಾರೆ ಅನ್ನೋದು ಇತಿಹಾಸಕಾರರ ಅಭಿಪ್ರಾಯ. ಚನ್ನಪಟ್ಟಣದ ಗೊಂಬೆ ಕಡೆಯೋದನ್ನು ನೋಡಿದವರಿಗೆ ಆ ವಿದ್ಯೆ ಹೊಸದಲ್ಲ. ಇನ್ನೂ ದೊಡ್ಡ ಸಾಕ್ಷಿ ಹೆಸರುಗಳು. 1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಹೊಯ್ಸಳ ಶಿಲ್ಪಿಗಳ ಇಂಥ ರುಜುಗಳು ಬೇಕಾದಷ್ಟು ಇವೆ. ಬೇರೆ ಗ್ರಹದಿಂದ ಬಂದವರು ಬಳ್ಳಿಗಾವಿಯ ವಿಳಾಸ ಯಾಕೆ ಕೊಡ್ತಾರೆ?

ಇದನ್ನು ಇಂಗ್ಲಿಷ್‌ನಲ್ಲಿ ಹೇಳೋಕೆ ಬೇಕಾದ ಪದ ಹತ್ತು ಇದ್ದರೆ ಹೆಚ್ಚು. ಸೋಪ್‌ಸ್ಟೋನ್, ಸಾಫ್ಟ್, ಹಾರ್ಡನ್, ಚಿಸೆಲ್, ಲೇತ್, ಸ್ಕಲ್ಪ್ಟರ್, ಸಿಗ್ನೇಚರ್, ಇನ್‌ಸ್ಕ್ರಿಪ್ಶನ್, ಎವಿಡೆನ್ಸ್, ಕ್ಲೇಮ್. ದೇವಾಲಯದ ಆಸುಪಾಸು ಕಲ್ಲಿನ ಮೂರ್ತಿ ಮಾರುವವರಿಗೆ ಇನ್ನೊಂದು ಪದ ಮುಖ್ಯ: ‘ಹ್ಯಾಂಡ್-ಕಾರ್ವ್ಡ್’, ಅಂದರೆ ಕೈಯಲ್ಲಿ ಕೆತ್ತಿದ್ದು. ಆ ಪದಕ್ಕೆ ದುಡ್ಡಿದೆ. 900 ವರ್ಷದ ಹಿಂದಿನದ್ದನ್ನೇ ಮೆಷಿನ್ ಕೆಲಸ ಅಂತ ನಂಬಿದ ಗಿರಾಕಿ, ಇವತ್ತಿನ ಕೈಕೆಲಸಕ್ಕೆ ಯಾಕೆ ಹೆಚ್ಚು ಬೆಲೆ ಕೊಡ್ತಾನೆ?

ಅರಸೀಕೆರೆಗೂ ಇದರಲ್ಲಿ ಪಾಲಿದೆ. 1220ರ ಹೊತ್ತಿನ ಶಿವಾಲಯದ ಮುಂದಿನ ಮಂಟಪ 16 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ, ಹೊಯ್ಸಳ ಕಟ್ಟಡಗಳಲ್ಲೇ ಅಪರೂಪದ್ದು. ‘ಸ್ಟಾರ್-ಶೇಪ್ಡ್’ ಅನ್ನೋ ಪದ ಕಲಿಸೋಕೆ ಚಿತ್ರ ಬರೆಯಬೇಕಾಗಿಲ್ಲ, ಮಕ್ಕಳನ್ನು ಅಲ್ಲಿಗೆ ಕರ್ಕೊಂಡು ಹೋದರೆ ಸಾಕು.

ಕನ್ನಡ ಬಿಟ್ಟು ಇಂಗ್ಲಿಷಾ?

ಇಷ್ಟೆಲ್ಲ ಓದಿ ‘ಕನ್ನಡ ಪದ ಇರುವಾಗ ಇಂಗ್ಲಿಷ್ ಯಾಕೆ’ ಅಂತ ಕೇಳೋರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ‘ಉಪಗ್ರಹ’ ಅಂದರೆ ಗ್ರಹದ ಜೊತೆಗಿರೋ ಚಿಕ್ಕದ್ದು ಅಂತ ಪದವೇ ಹೇಳುತ್ತೆ. ‘ಸ್ಯಾಟಲೈಟ್’ ಅನ್ನೋದು ಇಂಗ್ಲಿಷ್ ಮಗುವಿಗೂ ಹಾಗೆ ಬಿಡಿಸಿಕೊಳ್ಳಲ್ಲ. ಆದರೆ 10ನೇ ತರಗತಿವರೆಗೆ ಜವ, ವೇಗ, ವೇಗೋತ್ಕರ್ಷ ಅಂತ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಹೋದ ಮೊದಲ ವಾರವೇ ಸ್ಪೀಡ್, ವೆಲಾಸಿಟಿ, ಆಕ್ಸಲರೇಶನ್ ಅನ್ನೋ ಹೊಸ ಮುಖಗಳನ್ನು ನೋಡುತ್ತೆ. ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಅಲ್ಲಿಂದ ಹಿಂದೆ ಕೂರೋಕೆ ಶುರು. ಎರಡೂ ಹೆಸರು ಒಟ್ಟಿಗೇ ಗೊತ್ತಿದ್ದ ಮಗುವಿಗೆ ಆ ಭಯ ಇರಲ್ಲ.

ಕೃಷಿಕರ ಮನೆ ಮಕ್ಕಳಿಗಂತೂ ಬಂಡವಾಳ ಮನೆಯಲ್ಲೇ ಇದೆ. ಕೃತ್ತಿಕೆ, ರೋಹಿಣಿ, ಆರಿದ್ರಾ, ಚಿತ್ತೆ, ಸ್ವಾತಿ ಇವೆಲ್ಲ ಮಳೆಯ ಹೆಸರು. ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿದ್ದಾನೋ ಆ ಮಳೆ, ಒಂದೊಂದಕ್ಕೆ 13-14 ದಿನ. ಇಂಗ್ಲಿಷ್‌ನಲ್ಲಿ ಕೃತ್ತಿಕೆ ಅಂದರೆ ಪ್ಲೀಯಡೀಸ್, ರೋಹಿಣಿ ಅಂದರೆ ಅಲ್ಡೆಬರಾನ್, ಚಿತ್ತೆ ಅಂದರೆ ಸ್ಪೈಕಾ, ಸ್ವಾತಿ ಅಂದರೆ ಆರ್ಕ್ಟುರಸ್. ರಾಗಿ ಬಿತ್ತನೆಯ ಲೆಕ್ಕ ಹಾಕೋ ತಾತನಿಗೆ ಪಂಚಾಂಗದಲ್ಲಿರೋ ಆಕಾಶ, ಮೊಮ್ಮಗನಿಗೆ ಆಸ್ಟ್ರಾನಮಿ ಪುಸ್ತಕದಲ್ಲಿ ಸಿಗುತ್ತೆ. ಇಬ್ಬರನ್ನೂ ಕೂರಿಸಿ ಮಾತಾಡಿಸಿದರೆ ಅದೇ ಒಂದು ಪಾಠ.

ಬೆಳ್ಳಿ ಮೂಡೋ ಹೊತ್ತಿಗೆ ಏಳೋರಿಗೆ ಇನ್ನೊಂದು ವಿಷಯ. ಆ ಬೆಳ್ಳಿ ಚುಕ್ಕಿಯಲ್ಲ, ಶುಕ್ರ ಗ್ರಹ, ಇಂಗ್ಲಿಷ್‌ನಲ್ಲಿ ವೀನಸ್. ಲೋಕದಲ್ಲೆಲ್ಲ ಜನ ಯುಎಫ್‌ಒ ಅಂತ ಮೋಸ ಹೋಗೋದರಲ್ಲಿ ಇದು ಮುಂದಿನ ಸಾಲಿನಲ್ಲಿದೆ. ಬೆಳ್ಳಿಯನ್ನು ದಿನಾ ನೋಡಿ ಗೊತ್ತಿರೋ ಹಾಲಿನ ಡೇರಿಯವರು ಹಾಗೆ ಮೋಸ ಹೋಗಲ್ಲ.

ಯಾರು ಏನು ಮಾಡಬಹುದು

2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3 ಇಳಿದಾಗ ‘ಸಾಫ್ಟ್ ಲ್ಯಾಂಡಿಂಗ್’, ‘ಲ್ಯಾಂಡರ್’, ‘ರೋವರ್’ ಪದಗಳು ಯಾವ ಕೋಚಿಂಗೂ ಇಲ್ಲದೆ ಚಹಾದಂಗಡಿಗೆ ಬಂದವು. ಜನರಿಗೆ ಕುತೂಹಲ ಇದ್ದರೆ ಪದ ತಾನಾಗೇ ಬರುತ್ತೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ. ಈಗ ಆ ದಿನ ರಾಷ್ಟ್ರೀಯ ಬಾಹ್ಯಾಕಾಶ ದಿನ. ಶಾಲೆಗಳಲ್ಲಿ ಅಂದು ಭಾಷಣ, ಚಿತ್ರ ಸ್ಪರ್ಧೆ ಇದ್ದೇ ಇರುತ್ತೆ. ಅದರ ಜೊತೆ ಮೂರು ಕಂಬದ ಆಟವನ್ನು ಇಂಗ್ಲಿಷ್ ಪೀರಿಯಡ್‌ನಲ್ಲಿ ಆಡಿಸಿದರೆ ಖರ್ಚು ಒಂದು ಸೀಮೆಸುಣ್ಣ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟೋ ಪೋಷಕರು, ಮಗು ವಾರಕ್ಕೆ ಎಷ್ಟು ಪದ ಕಲಿತಿತು ಅಂತ ಕೇಳೋ ಬದಲು, ತಾನು ಕಂಡ ಒಂದು ವಿಷಯವನ್ನು ಐದು ವಾಕ್ಯದಲ್ಲಿ ಹೇಳುತ್ತಾ ಅಂತ ಕೇಳಬಹುದು. ಗೈಡ್‌ಗಳ ತರಬೇತಿ ನಡೆಸೋರು ‘ಏಲಿಯನ್’ ಪ್ರಶ್ನೆಗೆ ನಗದೆ, ಸಿಟ್ಟಾಗದೆ ಉತ್ತರ ಹೇಳೋದನ್ನು ಒಂದು ಪಾಠವಾಗಿ ಸೇರಿಸಬಹುದು.

ಅಂಗಡಿಯವರಿಗೂ ಇದು ಬೇರೆಯವರ ಮಾತಲ್ಲ. ರಾತ್ರಿ ಶಟರ್ ಮುರಿದು ಕಳ್ಳತನ ಆದರೆ ಠಾಣೆಯಲ್ಲಿ ಕೇಳೋ ಮೊದಲ ಪ್ರಶ್ನೆ ‘ನೀವು ನೋಡಿದ್ರಾ, ಅನುಮಾನನಾ, ಯಾರಾದರೂ ಹೇಳಿದ್ರಾ’ ಅಂತ. ಆಕಾಶದ ದೀಪಕ್ಕೂ ಅದೇ ಪ್ರಶ್ನೆ, ಅಂಗಡಿಯ ಬೀಗಕ್ಕೂ ಅದೇ ಪ್ರಶ್ನೆ. ‘ವಿಟ್ನೆಸ್’, ‘ಸಸ್ಪೆಕ್ಟ್’, ‘ಪ್ರೂಫ್’ ಈ ಮೂರರ ವ್ಯತ್ಯಾಸ ತಿಳಿದ ಮಗು ಮುಂದೆ ಯಾವ ಕಾಗದಕ್ಕೆ ಸಹಿ ಹಾಕಬೇಕಾದರೂ ಒಂದು ಸಲ ಓದಿ ಹಾಕುತ್ತೆ.

ಮುಂದಿನ ಸಲ ರಾತ್ರಿ ಎಂಟು ಗಂಟೆಗೆ ಗ್ರೂಪಿಗೆ ಒಂದು ವಿಡಿಯೋ ಬಂದು ‘ಬೆಟ್ಟದ ಮೇಲೆ ಹಾರುವ ತಟ್ಟೆ’ ಅಂತ ಬರೆದಿದ್ದರೆ, ಕೇಳಬೇಕಾದ್ದು ಇಷ್ಟೇ: ಕಂಡಿದ್ದು ಯಾರು, ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ? ಉತ್ತರ ಬಂದರೆ ಎದ್ದು ಹೊರಗೆ ಹೋಗಿ ಆಕಾಶ ನೋಡಿ. ಬರದಿದ್ದರೆ ಫಾರ್ವರ್ಡ್ ಒತ್ತಬೇಡಿ.